ಒಂದು ಎಡಿಟಿಂಗ್ ಪ್ರೋಗ್ರಾಂನಿಂದ ಇನ್ನೊಂದಕ್ಕೆ: ವಿಡಿಯೊ ಸಾಗಿಸಿ ಎಕ್ಸ್‌ಪೋರ್ಟ್ ಮಾಡುವ ಸಮಗ್ರ ಮಾರ್ಗದರ್ಶಿ

ಒಮ್ಮೆ ಊರಿನ ಯಕ್ಷಗಾನವನ್ನು ಮೂರು ಕಡೆಯಿಂದ ಶೂಟ್ ಮಾಡಿದ್ದೆವು. ಎರಡು ಕ್ಯಾಮೆರಾ, ಒಂದು ಫೋನ್. ಚೆಂಡೆಯವರ ಕೈ ಚೆನ್ನಾಗಿ ಕಾಣಲಿ ಅಂತ ಫೋನನ್ನು ಹಿಮ್ಮೇಳದ ಪಕ್ಕ ಇಟ್ಟಿದ್ದೆ. ಕಟ್ ಮಾಡುವಾಗ ಎಲ್ಲವೂ ಸರಿಯಾಗಿಯೇ ಇತ್ತು. ಬಣ್ಣ ಸರಿಪಡಿಸಲು ಬೇರೆ ಪ್ರೋಗ್ರಾಂಗೆ ಒಯ್ದೆ. ಮೊದಲ ಹತ್ತು ನಿಮಿಷ ಏನೂ ತೊಂದರೆ ಕಾಣಲಿಲ್ಲ. ಮುಕ್ಕಾಲು ಗಂಟೆ ದಾಟಿದ ಮೇಲೆ ನೋಡಿದರೆ, ಕೋಲು ಚೆಂಡೆಗೆ ತಾಗಿ ಮೇಲೆ ಎದ್ದ ನಂತರ ಸದ್ದು ಬರುತ್ತಿತ್ತು. ಚೆಂಡೆಯ ಪೆಟ್ಟು ಅರ್ಧ ಕ್ಷಣ ತಪ್ಪಿದರೂ ಯಕ್ಷಗಾನ ನೋಡುವವರಿಗೆ ಗೊತ್ತಾಗುತ್ತದೆ. ಮೂರು ದಿನದ ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ತಪ್ಪು ಸಾಗಿಸುವಾಗ ಆದದ್ದಲ್ಲ, ಅದಕ್ಕೂ ಮೊದಲೇ ಆಗಿತ್ತು. ಆಮೇಲೆ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಪ್ರೀಮಿಯರ್ ಪ್ರೊದಲ್ಲಿ ಕಟ್, ಡಾವಿಂಚಿ ರಿಸಾಲ್ವ್‌ನಲ್ಲಿ ಬಣ್ಣ, ಪ್ರೊ ಟೂಲ್ಸ್‌ನಲ್ಲಿ ಸೌಂಡ್, ಕೊನೆಗೆ ಯೂಟ್ಯೂಬ್. ಈ ದಾರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಫೈನಲ್ ಕಟ್ ಪ್ರೊ ಬಳಸುವವರಿಗೆ ಬೇಕಾದದ್ದನ್ನು ನಡುವೆ ಹೇಳುತ್ತೇನೆ.

ಸಾಗುವುದು ವಿಡಿಯೊ ಅಲ್ಲ, ಚೀಟಿ

ಮದುವೆ ಅಡುಗೆಗೆ ಭಟ್ಟರು ಸಾಮಾನಿನ ಚೀಟಿ ಬರೆದು ಕೊಡುತ್ತಾರಲ್ವಾ? ಚೀಟಿಯಲ್ಲಿ ಅಕ್ಕಿ ಇರುವುದಿಲ್ಲ, ಅಕ್ಕಿ ಎಷ್ಟು ಬೇಕು ಅಂತ ಇರುತ್ತದೆ. ಪ್ರಾಜೆಕ್ಟ್ ಫೈಲ್ ಕೂಡ ಹಾಗೆಯೇ. ಅದರೊಳಗೆ ನಿಮ್ಮ ಫುಟೇಜ್, ಅಂದರೆ ಶೂಟ್ ಮಾಡಿದ ವಿಡಿಯೊ, ಇಲ್ಲ. ಯಾವ ಫೈಲ್, ಅದು ಯಾವ ಫೋಲ್ಡರ್‌ನಲ್ಲಿದೆ, ಅದರ ಎಲ್ಲಿಂದ ಎಲ್ಲಿಯವರೆಗಿನ ತುಂಡು, ಟೈಮ್‌ಲೈನ್‌ನಲ್ಲಿ (ತುಂಡುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ) ಎಲ್ಲಿ ಕೂರಬೇಕು, ಇಷ್ಟು ಮಾತ್ರ ಇರುತ್ತದೆ.

ಒಂದು ಪ್ರೋಗ್ರಾಂನ ಪ್ರಾಜೆಕ್ಟ್ ಫೈಲನ್ನು ಇನ್ನೊಂದು ಸಾಮಾನ್ಯವಾಗಿ ಓದುವುದಿಲ್ಲ. ಅದಕ್ಕೆ ಎರಡಕ್ಕೂ ಅರ್ಥವಾಗುವ ಚೀಟಿ ಬೇಕು. ಇಂಥವು ಮುಖ್ಯವಾಗಿ ಮೂರು.

ಇಡಿಎಲ್ ಎಲ್ಲಕ್ಕಿಂತ ಹಳೆಯದು, ಟೇಪ್ ಕಾಲದ್ದು. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಒಂದೊಂದು ಕಟ್‌ಗೆ ಒಂದೊಂದು ಸಾಲು: ಕ್ರಮಸಂಖ್ಯೆ, ರೀಲಿನ ಹೆಸರು, ಚಿತ್ರವೋ ಧ್ವನಿಯೋ, ಕಟ್ಟೋ ಡಿಸಾಲ್ವೋ (ಒಂದು ಚಿತ್ರ ಕರಗಿ ಇನ್ನೊಂದಾಗುವುದು), ಆಮೇಲೆ ನಾಲ್ಕು ಟೈಮ್‌ಕೋಡ್ (ಗಂಟೆ, ನಿಮಿಷ, ಸೆಕೆಂಡ್, ಫ್ರೇಮ್ ಹೇಳುವ ಸಂಖ್ಯೆ). ಮೊದಲೆರಡು ಮೂಲ ಫೈಲಿನವು, ಕೊನೆಯೆರಡು ಟೈಮ್‌ಲೈನಿನವು. ಇಡಿಎಲ್ ಒಂದಕ್ಕೆ ಒಂದೇ ವಿಡಿಯೊ ಟ್ರ್ಯಾಕ್. ಉಳಿದ ಯಾವುದೂ ಕೆಲಸ ಮಾಡದಿದ್ದಾಗ ಇದು ಕೈಹಿಡಿಯುತ್ತದೆ.

ಎಕ್ಸ್‌ಎಂಎಲ್ ನಮಗೆ ಜಾಸ್ತಿ ಬೇಕಾಗುವುದು. ಇದರಲ್ಲಿ ಎರಡು ಬೇರೆ ಬೇರೆ ಜಾತಿ ಇದೆ, ಇಲ್ಲೇ ಅನೇಕರು ಎಡವುತ್ತಾರೆ. ಪ್ರೀಮಿಯರ್ ಕೊಡುವುದು ಫೈನಲ್ ಕಟ್ ಪ್ರೊ 7ರ ಎಕ್ಸ್‌ಎಂಎಲ್. ಆ ಸಾಫ್ಟ್‌ವೇರ್ 2011ರಲ್ಲೇ ನಿಂತುಹೋಯಿತು, ಅದರ ಚೀಟಿ ಮಾತ್ರ ಇವತ್ತಿಗೂ ಎಲ್ಲರ ಕೈಯಲ್ಲಿದೆ. ಈಗಿನ ಫೈನಲ್ ಕಟ್ ಪ್ರೊ ಕೊಡುವುದು ಎಫ್‌ಸಿಪಿಎಕ್ಸ್‌ಎಂಎಲ್. ಹೆಸರು ಒಂದೇ ಥರ ಕೇಳಿದರೂ ಒಳಗಿನ ಬರವಣಿಗೆ ಬೇರೆ. ಪ್ರೀಮಿಯರ್ ಇದನ್ನು ನೇರವಾಗಿ ಓದುವುದಿಲ್ಲ. ರಿಸಾಲ್ವ್ ಎರಡನ್ನೂ ಓದುತ್ತದೆ, ಎರಡನ್ನೂ ಬರೆಯುತ್ತದೆ. ಹಾಗಾಗಿ ಫೈನಲ್ ಕಟ್‌ನಿಂದ ಪ್ರೀಮಿಯರ್‌ಗೆ ಹೋಗಬೇಕಾದರೆ ರಿಸಾಲ್ವ್ ಅನ್ನು ನಡುವಿನ ದುಭಾಷಿಯಾಗಿ ಬಳಸಬಹುದು. ಅದರ ಫ್ರೀ ಆವೃತ್ತಿಯೇ ಈ ಕೆಲಸಕ್ಕೆ ಸಾಕು.

ಮೂರನೆಯದು ಎಎಎಫ್. ಸೌಂಡ್ ಸ್ಟುಡಿಯೊಗೆ ಹೋಗುವಾಗ ಮತ್ತು ಆವಿಡ್ ಎಂಬ ಎಡಿಟಿಂಗ್ ಪ್ರೋಗ್ರಾಂ ಜೊತೆ ಕೆಲಸ ಮಾಡುವಾಗ ಇದು ಬೇಕು.

ಹೆಜ್ಜೆ 1: ಕಟ್ ಶುರು ಮಾಡುವ ಮೊದಲೇ ಫುಟೇಜ್ ಸರಿಮಾಡಿಕೊಳ್ಳಿ

ನನ್ನ ಚೆಂಡೆ ತಪ್ಪಿದ್ದು ಇಲ್ಲಿ. ಕ್ಯಾಮೆರಾ ಸೆಕೆಂಡಿಗೆ ಇಷ್ಟು ಫ್ರೇಮ್ ಅಂತ ಒಂದೇ ಸಮ ತೆಗೆಯುತ್ತದೆ. ಬಹಳಷ್ಟು ಫೋನ್‌ಗಳು ಹಾಗಲ್ಲ. ಬೆಳಕು ಕಡಿಮೆಯಾದರೆ, ಫೋನ್ ಬಿಸಿಯಾದರೆ ಫ್ರೇಮ್‌ಗಳ ನಡುವಿನ ಅಂತರ ಹೆಚ್ಚುಕಡಿಮೆ ಆಗುತ್ತದೆ. ಇದನ್ನು ವೇರಿಯೇಬಲ್ ಫ್ರೇಮ್ ರೇಟ್ ಅನ್ನುತ್ತಾರೆ. ಇಂಥ ಫೈಲನ್ನು ಒಂದು ಪ್ರೋಗ್ರಾಂ ಒಂದು ರೀತಿ ಎಣಿಸುತ್ತದೆ, ಇನ್ನೊಂದು ಇನ್ನೊಂದು ರೀತಿ. ಒಂದೇ ಪ್ರೋಗ್ರಾಂನಲ್ಲಿ ಇರುವವರೆಗೆ ಗೊತ್ತೇ ಆಗುವುದಿಲ್ಲ. ಚೀಟಿ ಕೈ ಬದಲಾದ ಕೂಡಲೇ ಲೆಕ್ಕ ತಪ್ಪುತ್ತದೆ.

ಪತ್ತೆ ಮಾಡುವುದು ಸುಲಭ. ಮೀಡಿಯಾಇನ್ಫೋ ಅನ್ನುವ ಫ್ರೀ ಪ್ರೋಗ್ರಾಂನಲ್ಲಿ ಫೈಲ್ ತೆರೆಯಿರಿ. ‘ಫ್ರೇಮ್ ರೇಟ್ ಮೋಡ್’ ಎದುರು ‘ವೇರಿಯೇಬಲ್’ ಅಂತ ಇದ್ದರೆ ಅದನ್ನು ಹಾಗೇ ಟೈಮ್‌ಲೈನ್‌ಗೆ ಹಾಕಬೇಡಿ. ಶಟರ್ ಎನ್‌ಕೋಡರ್ ಎಂಬ ಇನ್ನೊಂದು ಫ್ರೀ ಪ್ರೋಗ್ರಾಂ ಇದೆ. ಅದರಲ್ಲಿ ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್‌ಗೆ (ಎಡಿಟಿಂಗ್‌ಗೆಂದೇ ಇರುವ, ಗುಣಮಟ್ಟ ಉಳಿಸುವ ದೊಡ್ಡ ಫೈಲ್ ಮಾದರಿಗಳು) ಬದಲಿಸಿ, ಫ್ರೇಮ್ ರೇಟ್ ಸ್ಥಿರವಾಗಿ ಇಡಿ. ಡಿಸ್ಕಿನಲ್ಲಿ ಜಾಗ ಇಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಪ್ರೋಗ್ರಾಂನಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಎಚ್.264ಗೆ (ಚಿಕ್ಕ ಫೈಲ್ ಮಾದರಿ) ಬದಲಿಸಿದರೂ ಸಿಂಕ್ ಉಳಿಯುತ್ತದೆ. ಬದಲಿಸಿದ ಮೇಲೆ ಫೈಲಿನ ಶುರು ಮತ್ತು ಕೊನೆ ಎರಡೂ ಕಡೆ ತುಟಿಯೋ ತಾಳವೋ ಸೇರುತ್ತದೆಯೇ ನೋಡಿ. ಶುರುವಿನಲ್ಲಿ ಮಾತ್ರ ನೋಡಿದರೆ ಪ್ರಯೋಜನವಿಲ್ಲ, ಎಲ್ಲ ಫೈಲೂ ಶುರುವಿನಲ್ಲಿ ಸರಿಯಾಗಿಯೇ ಇರುತ್ತದೆ.

ಮುಂದಿನ ಸಲ ಶೂಟ್ ಮಾಡುವಾಗ ಫೋನನ್ನೂ 25 ಫ್ರೇಮ್‌ಗೆ ಇಡಿ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಹಾಗಾಗಿ 25 ಫ್ರೇಮ್, 1/50 ಶಟರ್ ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿನುಗುವುದಿಲ್ಲ. ಐಫೋನ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ‘ಪಾಲ್ ಫಾರ್ಮ್ಯಾಟ್’ ಆನ್ ಮಾಡಿದರೆ 25 ಸಿಗುತ್ತದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಫ್ರೀ ಆ್ಯಪ್‌ನಲ್ಲೂ ಆರಿಸಿಕೊಳ್ಳಬಹುದು.

ಹೆಸರಿನ ಸಮಸ್ಯೆ ಇನ್ನೊಂದು. ಕಾರ್ಡ್ ಫಾರ್ಮ್ಯಾಟ್ ಮಾಡಿದ ಮೇಲೆ ಕೆಲವು ಕ್ಯಾಮೆರಾಗಳು ಮತ್ತೆ ಒಂದರಿಂದ ಎಣಿಕೆ ಶುರು ಮಾಡುತ್ತವೆ. ಮೂರು ಕಾರ್ಡಿನಲ್ಲಿ ಮೂರು ‘ಸಿ0001’ ಇದ್ದರೆ ಹೊಸ ಪ್ರೋಗ್ರಾಂ ಯಾವುದನ್ನು ತೆಗೆದುಕೊಳ್ಳಬೇಕು? ಕೆಲವು ಸಲ ತಪ್ಪಾದದ್ದನ್ನೇ ತೆಗೆದುಕೊಂಡು ಸುಮ್ಮನಿರುತ್ತದೆ. ಆಗ ವೇಷಧಾರಿ ಬರಬೇಕಾದ ಕಡೆ ಪ್ರೇಕ್ಷಕರು ಬರುತ್ತಾರೆ. ಕಾಪಿ ಮಾಡಿದ ದಿನವೇ, ಎಡಿಟಿಂಗ್ ಪ್ರೋಗ್ರಾಂ ತೆರೆಯುವ ಮೊದಲು, ಪ್ರತಿ ಫೈಲಿನ ಹೆಸರಿನ ಮುಂದೆ ದಿನಾಂಕ ಮತ್ತು ಕ್ಯಾಮೆರಾ ಗುರುತು ಸೇರಿಸಿ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಇವಿಷ್ಟೇ ಇರಲಿ. ಕನ್ನಡದಲ್ಲಿ ಹೆಸರಿಡಲು ನನಗೂ ಆಸೆ. ಆದರೆ ವಿಂಡೋಸ್, ಮ್ಯಾಕ್ ಅಂತ ನಾಲ್ಕು ಕಡೆ ಓಡಾಡುವ ಫೈಲಿಗೆ ಅದು ಅಪಾಯ.

ಓಡಾಡುವ ಹಾರ್ಡ್ ಡಿಸ್ಕಿನ ಫಾರ್ಮ್ಯಾಟ್ ಎಕ್ಸ್‌ಫ್ಯಾಟ್ ಆಗಿರಲಿ. ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಅದರ ಮೇಲೆ ಬರೆಯುವುದಿಲ್ಲ. ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ.

ಹೆಜ್ಜೆ 2: ಟೈಮ್‌ಲೈನ್ ಹಗುರ ಮಾಡಿ

ಕಟ್ ಮುಗಿದು, ಇನ್ನು ಒಂದು ಫ್ರೇಮೂ ಬದಲಿಸುವುದಿಲ್ಲ ಅಂತ ಎಲ್ಲರೂ ಒಪ್ಪಿದ ಮೇಲೆಯೇ ಸಾಗಿಸಿ. ಬಣ್ಣಕ್ಕೆ ಹೋದ ಮೇಲೆ ಹತ್ತು ಸೆಕೆಂಡ್ ಕತ್ತರಿಸಿದರೆ ಚಿತ್ರ, ಸೌಂಡ್, ಸಬ್‌ಟೈಟಲ್ ಮೂರನ್ನೂ ಮತ್ತೆ ಹೊಂದಿಸಬೇಕಾಗುತ್ತದೆ.

ಮೊದಲು ಸೀಕ್ವೆನ್ಸ್‌ನ (ಪ್ರೀಮಿಯರ್‌ನಲ್ಲಿ ಟೈಮ್‌ಲೈನಿಗೆ ಹೇಳುವ ಹೆಸರು) ಒಂದು ನಕಲು ಮಾಡಿ. ಮೂಲ ಹಾಗೆಯೇ ಇರಲಿ, ಕೆಲಸವೆಲ್ಲ ನಕಲಿನ ಮೇಲೆ. ಆ ನಕಲಿನಲ್ಲಿ ಹೀಗೆ ಮಾಡಿ:

ಮಲ್ಟಿಕ್ಯಾಮ್ (ಹಲವು ಕ್ಯಾಮೆರಾದ ಚಿತ್ರ ಒಟ್ಟಿಗೆ ಸೇರಿಸಿ ಕಟ್ ಮಾಡುವ ವಿಧಾನ) ಬಳಸಿದ್ದರೆ ಎಲ್ಲ ಕ್ಲಿಪ್ ಆಯ್ದು, ರೈಟ್ ಕ್ಲಿಕ್ ಮಾಡಿ, ‘ಮಲ್ಟಿ-ಕ್ಯಾಮೆರಾ’ದಲ್ಲಿ ‘ಫ್ಲ್ಯಾಟನ್’ ಒತ್ತಿ. ಆಗ ಪ್ರತಿ ಕಟ್ಟೂ ಅದರ ನಿಜವಾದ ಫೈಲಿಗೆ ಅಂಟಿಕೊಳ್ಳುತ್ತದೆ. ನೆಸ್ಟ್ ಮಾಡಿದ್ದನ್ನು, ಅಂದರೆ ಒಂದು ಸೀಕ್ವೆನ್ಸ್ ಒಳಗೆ ಇಟ್ಟ ಇನ್ನೊಂದು ಸೀಕ್ವೆನ್ಸನ್ನು, ಬಿಚ್ಚಿ. ಎಂಟು ಟ್ರ್ಯಾಕ್‌ನಲ್ಲಿ ಹರಡಿಕೊಂಡ ಕ್ಲಿಪ್‌ಗಳನ್ನು ಆದಷ್ಟು ಒಂದೆರಡು ಟ್ರ್ಯಾಕ್‌ಗೆ ಇಳಿಸಿ. ಆಫ್ ಮಾಡಿಟ್ಟ ಕ್ಲಿಪ್ ತೆಗೆದುಹಾಕಿ. ಪ್ರೀಮಿಯರ್‌ನ ಸೀಕ್ವೆನ್ಸ್ ಮೆನುವಿನಲ್ಲಿರುವ ‘ಸಿಂಪ್ಲಿಫೈ ಸೀಕ್ವೆನ್ಸ್’ ಇದರಲ್ಲಿ ಅರ್ಧ ಕೆಲಸವನ್ನು ತಾನೇ ಮಾಡುತ್ತದೆ.

ಇನ್ನು, ಚೀಟಿಯಲ್ಲಿ ಏನು ಹೋಗುತ್ತದೆ, ಏನು ಹೋಗುವುದಿಲ್ಲ? ಕಟ್, ಕ್ಲಿಪ್‌ನ ಜಾಗ, ಸಾದಾ ಡಿಸಾಲ್ವ್, ಒಂದೇ ವೇಗದ ಸ್ಲೋ ಮೋಷನ್ ಸಾಮಾನ್ಯವಾಗಿ ಹೋಗುತ್ತವೆ. ದೊಡ್ಡದು ಚಿಕ್ಕದು ಮಾಡಿದ್ದು ಹೋಗುತ್ತದೆ, ಆದರೆ ಪರೀಕ್ಷಿಸಬೇಕು. ಲುಮೆಟ್ರಿ ಬಣ್ಣ (ಪ್ರೀಮಿಯರ್‌ನ ಬಣ್ಣದ ಎಫೆಕ್ಟ್), ವಾರ್ಪ್ ಸ್ಟೆಬಿಲೈಜರ್ (ಅಲುಗಾಟ ತಗ್ಗಿಸುವ ಎಫೆಕ್ಟ್), ಪ್ಲಗಿನ್‌ಗಳು, ಅಡ್ಜಸ್ಟ್‌ಮೆಂಟ್ ಲೇಯರ್‌ನ ಎಫೆಕ್ಟ್‌ಗಳು ಹೋಗುವುದಿಲ್ಲ. ವೇಗ ಏರಿಳಿಯುವ ಸ್ಪೀಡ್ ರ‍್ಯಾಂಪ್ ನಂಬುವಂತಿಲ್ಲ. ಇಂಥ ಕ್ಲಿಪ್‌ಗಳನ್ನು ಅಲ್ಲೇ ಪ್ರೊರೆಸ್ 422 ಎಚ್‌ಕ್ಯೂಗೆ ರೆಂಡರ್ ಮಾಡಿ (ಹೊಸ ವಿಡಿಯೊ ಫೈಲಾಗಿ ತೆಗೆದು), ಆ ಜಾಗದಲ್ಲಿ ಹೊಸ ಫೈಲ್ ಕೂರಿಸಿ. ರೆಂಡರ್ ಮಾಡುವಾಗ ಬಣ್ಣದ ಎಫೆಕ್ಟ್ ಆಫ್ ಇರಲಿ, ಇಲ್ಲದಿದ್ದರೆ ಬಣ್ಣದ ಮೇಲೆ ಬಣ್ಣ ಬೀಳುತ್ತದೆ.

ಕನ್ನಡ ಟೈಟಲ್‌ಗಳ ಮಾತು

ಇದಕ್ಕೆ ಬೇರೆ ಜಾಗವನ್ನೇ ಕೊಡಬೇಕು. ಟೈಟಲ್ ಯಾವ ಚೀಟಿಯಲ್ಲೂ ನೆಟ್ಟಗೆ ಹೋಗುವುದಿಲ್ಲ, ಕನ್ನಡದ್ದಂತೂ ಇನ್ನೂ ಕಷ್ಟ. ಒಂದು ಕಡೆ ‘ಕೃಷ್ಣಾರ್ಜುನ’ ಅಂತ ಚೆನ್ನಾಗಿ ಕಂಡದ್ದು ಇನ್ನೊಂದು ಕಡೆ ಒತ್ತು ಒಂದು ಕಡೆ, ಅರ್ಕಾವತ್ತು ಒಂದು ಕಡೆ ಚೆಲ್ಲಿಕೊಂಡು ಕೂರುತ್ತದೆ. ಫಾಂಟ್ ಕೆಟ್ಟಿದೆ ಅಂತ ಅಲ್ಲ. ಅಕ್ಷರಗಳನ್ನು ಜೋಡಿಸುವ ಟೆಕ್ಸ್ಟ್ ಎಂಜಿನ್ ಕನ್ನಡವನ್ನು ಅರಿತಿಲ್ಲ ಅಂತ ಅರ್ಥ. ಪ್ರೀಮಿಯರ್‌ನಲ್ಲಿ ಗ್ರಾಫಿಕ್ಸ್ ಟೆಕ್ಸ್ಟ್ ಸೆಟ್ಟಿಂಗ್‌ನಲ್ಲಿ ‘ಸೌತ್ ಏಷ್ಯನ್ ಆ್ಯಂಡ್ ಮಿಡ್ಲ್ ಈಸ್ಟರ್ನ್’ ಆರಿಸಿದರೆ ಒತ್ತಕ್ಷರ ಸರಿಯಾಗಿ ಕೂರುತ್ತವೆ. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಸಾಗಿಸಲು ಒಂದೇ ಭದ್ರವಾದ ದಾರಿ: ಟೈಟಲ್‌ಗಳನ್ನು ಅವು ಸರಿಯಾಗಿ ಕಾಣುವ ಪ್ರೋಗ್ರಾಂನಲ್ಲೇ ಪ್ರೊರೆಸ್ 4444ಗೆ, ಆಲ್ಫಾ ಚಾನೆಲ್ ಸಮೇತ ರೆಂಡರ್ ಮಾಡಿ. ಹಿನ್ನೆಲೆ ಪಾರದರ್ಶಕವಾಗಿ ಇರುತ್ತದೆ. ಈಗ ಅದು ಅಕ್ಷರ ಅಲ್ಲ, ಚಿತ್ರ. ಎಲ್ಲಿ ಹೋದರೂ ಒತ್ತು ಕದಲುವುದಿಲ್ಲ. ಒಮ್ಮೆ ಕಾಗುಣಿತ ಪರೀಕ್ಷಿಸಿ ಆಮೇಲೆ ರೆಂಡರ್ ಮಾಡಿ, ಯಾಕೆಂದರೆ ಮತ್ತೆ ತಿದ್ದಲು ಬರುವುದಿಲ್ಲ.

ಹೆಜ್ಜೆ 3: ರೆಫರೆನ್ಸ್ ವಿಡಿಯೊ ಮತ್ತು ಚೀಟಿ ತೆಗೆಯಿರಿ

ಚೀಟಿಗಿಂತ ಮೊದಲು, ಮೂಲ ಟೈಮ್‌ಲೈನನ್ನು ಎಚ್.264 ಫೈಲಾಗಿ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ. ಮೂಲೆಯಲ್ಲಿ ಟೈಮ್‌ಕೋಡ್ ಕಾಣುವ ಹಾಗಿರಲಿ. ಹೊಸ ಜಾಗದಲ್ಲಿ ಎಲ್ಲ ಸರಿ ಬಂದಿದೆಯೇ ಅಂತ ಹೇಳುವ ಸಾಕ್ಷಿ ಇದೊಂದೇ. ಇದನ್ನು ಕೊಡದೆ ಬರೀ ಎಕ್ಸ್‌ಎಂಎಲ್ ಕಳಿಸಿದರೆ ಬಣ್ಣ ಮಾಡುವವರು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಆಮೇಲೆ ಸೀಕ್ವೆನ್ಸ್ ಆಯ್ದು, ‘ಫೈಲ್’, ‘ಎಕ್ಸ್‌ಪೋರ್ಟ್’, ‘ಫೈನಲ್ ಕಟ್ ಪ್ರೊ ಎಕ್ಸ್‌ಎಂಎಲ್’. ಫೈನಲ್ ಕಟ್‌ನಲ್ಲಾದರೆ ‘ಫೈಲ್’ ಮೆನುವಿನಲ್ಲೇ ‘ಎಕ್ಸ್‌ಪೋರ್ಟ್ ಎಕ್ಸ್‌ಎಂಎಲ್’ ಇದೆ. ಅಲ್ಲಿ ಆವೃತ್ತಿ ಕೇಳುತ್ತದೆ. ನಿಮ್ಮ ರಿಸಾಲ್ವ್ ಹಳೆಯದಾಗಿದ್ದರೆ ಹಿಂದಿನ ಆವೃತ್ತಿ ಆರಿಸಿ.

ಫುಟೇಜ್ ಬೇರೆಯವರಿಗೆ ಕಳಿಸಬೇಕಾದರೆ ಇಡೀ 2 ಟಿಬಿ ಕಳಿಸಬೇಕಿಲ್ಲ. ಪ್ರೀಮಿಯರ್‌ನ ‘ಪ್ರಾಜೆಕ್ಟ್ ಮ್ಯಾನೇಜರ್’ ಬಳಸಿದ ಕ್ಲಿಪ್‌ಗಳನ್ನು ಮಾತ್ರ ಒಂದು ಫೋಲ್ಡರ್‌ಗೆ ಕಾಪಿ ಮಾಡುತ್ತದೆ. ಕತ್ತರಿಸಿ ಕಳಿಸುವುದಾದರೆ ಪ್ರತಿ ಕ್ಲಿಪ್‌ನ ಎರಡೂ ತುದಿಗೆ 25 ಫ್ರೇಮ್ ‘ಹ್ಯಾಂಡಲ್’ ಬಿಡಿ. ಬಟ್ಟೆ ಹೊಲಿಯುವವರು ಅಂಚಿನಲ್ಲಿ ಒಂದಿಂಚು ಒಳಗೆ ಮಡಚಿ ಬಿಡುವ ಹಾಗೆ. ಆಮೇಲೆ ಒಂದು ಡಿಸಾಲ್ವ್ ಉದ್ದ ಮಾಡಬೇಕು ಅನ್ನಿಸಿದಾಗ ಅದು ಬೇಕಾಗುತ್ತದೆ.

ಹೆಜ್ಜೆ 4: ರಿಸಾಲ್ವ್‌ನಲ್ಲಿ ಇಳಿಸಿಕೊಳ್ಳುವುದು

ಹೊಸ ಪ್ರಾಜೆಕ್ಟ್ ತೆರೆದು, ಏನನ್ನೂ ಒಳಗೆ ತರುವ ಮೊದಲು ಟೈಮ್‌ಲೈನ್ ಫ್ರೇಮ್ ರೇಟ್ 25 ಮಾಡಿ. ಈ ಕ್ರಮ ತಪ್ಪಬೇಡಿ. ಒಂದು ಸಲ ಮೀಡಿಯಾ ಒಳಗೆ ಬಂದರೆ ಪ್ರಾಜೆಕ್ಟಿನ ಫ್ರೇಮ್ ರೇಟ್‌ಗೆ ಬೀಗ ಬೀಳುತ್ತದೆ, ಆಮೇಲೆ ಹೊಸ ಪ್ರಾಜೆಕ್ಟೇ ಗತಿ.

ನಂತರ ‘ಫೈಲ್’, ‘ಇಂಪೋರ್ಟ್’, ‘ಟೈಮ್‌ಲೈನ್’ಗೆ ಹೋಗಿ ಎಕ್ಸ್‌ಎಂಎಲ್ ಆರಿಸಿ. ಒಂದು ಕಿಟಕಿ ತೆರೆಯುತ್ತದೆ. ‘ಯೂಸ್ ಸೈಸಿಂಗ್ ಇನ್ಫರ್ಮೇಷನ್’ಗೆ ಗುರುತು ಹಾಕಿದರೆ ನೀವು ಜೂಮ್ ಮಾಡಿದ್ದು ಉಳಿಯುತ್ತದೆ. ಫೈಲುಗಳನ್ನು ಎಂಪಿ4ನಿಂದ ಎಂಒವಿಗೆ ಬದಲಿಸಿದ್ದರೆ ‘ಇಗ್ನೋರ್ ಫೈಲ್ ಎಕ್ಸ್‌ಟೆನ್ಷನ್ಸ್’ಗೂ ಹಾಕಿ. ಫುಟೇಜ್ ಸಿಗದಿದ್ದರೆ ಫೋಲ್ಡರ್ ತೋರಿಸು ಅನ್ನುತ್ತದೆ, ತೋರಿಸಿ. ಆಮೇಲೂ ಕೆಂಪಗೆ ಉಳಿದ ಕ್ಲಿಪ್‌ಗಳ ಹೆಸರನ್ನು ಡಿಸ್ಕಿನ ಹೆಸರಿನ ಜೊತೆ ಅಕ್ಷರ ಅಕ್ಷರ ಹೋಲಿಸಿ. ಬಹಳ ಸಲ ಒಂದು ಸ್ಪೇಸ್ ತಪ್ಪಿರುತ್ತದೆ.

ಈಗ ಸಾಕ್ಷಿಯನ್ನು ಕರೆಯುವ ಹೊತ್ತು. ರೆಫರೆನ್ಸ್ ವಿಡಿಯೊವನ್ನು ಎಲ್ಲಕ್ಕಿಂತ ಮೇಲಿನ ಟ್ರ್ಯಾಕ್‌ನಲ್ಲಿ ಇಡಿ. ಅದರ ‘ಕಾಂಪೊಸಿಟ್ ಮೋಡ್’ ಅನ್ನು ‘ಡಿಫರೆನ್ಸ್’ ಮಾಡಿ. ಮೇಲಿನ ಚಿತ್ರ, ಕೆಳಗಿನ ಚಿತ್ರ ಎರಡೂ ಒಂದೇ ಆಗಿದ್ದರೆ ಪರದೆ ಕಪ್ಪಾಗುತ್ತದೆ. ಒಂದು ಫ್ರೇಮ್ ಆಚೀಚೆ ಆಗಿದ್ದರೂ ಕಪ್ಪಿನ ಮೇಲೆ ಕಿರೀಟದ ಅಂಚು, ಗೆಜ್ಜೆಯ ಸಾಲು ಬೆಳ್ಳಗೆ ಗೆರೆ ಎಳೆದ ಹಾಗೆ ಹೊಳೆಯುತ್ತದೆ. ಟೈಮ್‌ಕೋಡ್ ಇರುವ ಮೂಲೆ ಮತ್ತು ಬಣ್ಣ ಹಾಕಿದ್ದ ಕ್ಲಿಪ್‌ಗಳು ಹೊಳೆಯುವುದು ಸಹಜ. ಉಳಿದದ್ದು ಹೊಳೆದರೆ ನಿಲ್ಲಿಸಿ, ಸರಿಮಾಡಿ. ಪ್ರತಿ ಕಟ್‌ನ ಮೇಲೂ ಒಮ್ಮೆ ಹಾದುಹೋಗಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ ನನಗೆ ಸುಮಾರು ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನವನ್ನು ನಾನು ಯಾವತ್ತೂ ಉಳಿಸಲು ಹೋಗುವುದಿಲ್ಲ.

ಹೆಜ್ಜೆ 5: ಸೌಂಡ್ ಕಳಿಸುವುದು

ಪ್ರೀಮಿಯರ್‌ನಲ್ಲಿ ‘ಫೈಲ್’, ‘ಎಕ್ಸ್‌ಪೋರ್ಟ್’, ‘ಎಎಎಫ್’. 48 ಕಿಲೋಹರ್ಟ್ಸ್, 24 ಬಿಟ್. ಆಡಿಯೊವನ್ನು ಎಎಎಫ್ ಒಳಗೇ ಸೇರಿಸಿ, ಎರಡು ಸೆಕೆಂಡ್ ಹ್ಯಾಂಡಲ್ ಕೊಡಿ. ಮಾತು, ಹಿಮ್ಮೇಳ, ಸುತ್ತಲಿನ ಸದ್ದು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇರಲಿ.

ಚಿತ್ರ ಒಂದು ದಾರಿ, ಧ್ವನಿ ಇನ್ನೊಂದು ದಾರಿ ಹಿಡಿದು ಕೊನೆಗೆ ಸೇರಬೇಕು. ಅದಕ್ಕೊಂದು ಗುರುತು ಬೇಕಲ್ವಾ? ಅದೇ ‘ಟೂ ಪಾಪ್’. ಕಾರ್ಯಕ್ರಮ 01:00:00:00ಕ್ಕೆ ಶುರು ಆಗುವ ಹಾಗೆ ಟೈಮ್‌ಲೈನ್ ಇಟ್ಟು, ಎರಡು ಸೆಕೆಂಡ್ ಮೊದಲು, ಅಂದರೆ 00:59:58:00ರಲ್ಲಿ, ಒಂದೇ ಒಂದು ಫ್ರೇಮ್ ಉದ್ದದ 1 ಕಿಲೋಹರ್ಟ್ಸ್ ಬೀಪ್ ಮತ್ತು ಅದೇ ಫ್ರೇಮ್‌ನಲ್ಲಿ ಒಂದು ಬಿಳಿ ಚಿತ್ರ ಇಡಿ. ಕೊನೆಯಲ್ಲೂ ಎರಡು ಸೆಕೆಂಡ್ ಬಿಟ್ಟು ಇನ್ನೊಂದು ಇಡಿ. ಸ್ಟುಡಿಯೊದಿಂದ ಮಿಕ್ಸ್ ವಾಪಸ್ ಬಂದಾಗ ಮೊದಲ ಬೀಪ್ ಕೂಡಿಸಿ. ಕೊನೆಯ ಬೀಪೂ ತಾನಾಗಿ ಕೂಡಿದರೆ ನಡುವೆ ಏನೂ ಜಾರಿಲ್ಲ.

ಹೆಜ್ಜೆ 6: ಮೊದಲು ಮಾಸ್ಟರ್, ಆಮೇಲೆ ಉಳಿದದ್ದು

ನೇರವಾಗಿ ಯೂಟ್ಯೂಬ್ ಫೈಲ್ ತೆಗೆಯಬೇಡಿ. ಮೊದಲು ಒಂದು ಮಾಸ್ಟರ್, ಅಂದರೆ ಉತ್ತಮ ಗುಣಮಟ್ಟದ ಮೂಲ ಪ್ರತಿ, ತೆಗೆಯಿರಿ. ಮ್ಯಾಕ್ ಇದ್ದರೆ ಪ್ರೊರೆಸ್ 422 ಎಚ್‌ಕ್ಯೂ, ವಿಂಡೋಸ್‌ನಲ್ಲಿ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯೂ ಅಥವಾ ಎಚ್‌ಕ್ಯೂಎಕ್ಸ್. 1080ಪಿ, 25 ಫ್ರೇಮ್‌ನಲ್ಲಿ ಪ್ರೊರೆಸ್ 422 ಎಚ್‌ಕ್ಯೂ ಸೆಕೆಂಡಿಗೆ ಸುಮಾರು 184 ಮೆಗಾಬಿಟ್ ತಿನ್ನುತ್ತದೆ, ಒಂದು ಗಂಟೆಗೆ 83 ಜಿಬಿ. ಸಾದಾ 422 ಆದರೆ 55 ಜಿಬಿ. ಜಾಸ್ತಿ ಅನ್ನಿಸಬಹುದು. ಆದರೆ ನಾಳೆ ಟಿವಿಗೆ, ನಾಡಿದ್ದು ಚಿತ್ರೋತ್ಸವಕ್ಕೆ ಅಂತ ಕೇಳಿದಾಗ ಈ ಒಂದು ಫೈಲಿನಿಂದ ಎಲ್ಲವನ್ನೂ ತೆಗೆಯಬಹುದು. ರಿಸಾಲ್ವ್ ಫ್ರೀ ಆವೃತ್ತಿ 3840×2160, 60 ಫ್ರೇಮ್‌ವರೆಗೆ ಎಕ್ಸ್‌ಪೋರ್ಟ್ ಮಾಡುತ್ತದೆ.

ಬಣ್ಣ ಮುಗಿಸಿ ಮತ್ತೆ ಪ್ರೀಮಿಯರ್‌ಗೆ ಹಿಂದಿರುಗಬೇಕಾದರೆ ರಿಸಾಲ್ವ್‌ನ ಡೆಲಿವರ್ ಪುಟದಲ್ಲಿ ‘ಪ್ರೀಮಿಯರ್ ಎಕ್ಸ್‌ಎಂಎಲ್’ ಅನ್ನುವ ಪ್ರೀಸೆಟ್ ಆರಿಸಿ. ಅದು ಪ್ರತಿ ಕ್ಲಿಪ್ಪನ್ನೂ ಬೇರೆ ಬೇರೆ ರೆಂಡರ್ ಮಾಡಿ ಜೊತೆಗೊಂದು ಹೊಸ ಚೀಟಿ ಬರೆದು ಕೊಡುತ್ತದೆ. ‘ಯೂಸ್ ಯುನೀಕ್ ಫೈಲ್‌ನೇಮ್ಸ್’ ಆನ್ ಇರಲಿ. ಒಂದೇ ಫೈಲಿನಿಂದ ಹತ್ತು ತುಂಡು ಬಳಸಿದ್ದರೆ ಹತ್ತಕ್ಕೂ ಬೇರೆ ಹೆಸರು ಬೇಕು.

ಯೂಟ್ಯೂಬ್‌ಗೆ ಎಂಪಿ4, ಎಚ್.264, ಆಡಿಯೊ ಎಎಸಿ 48 ಕಿಲೋಹರ್ಟ್ಸ್, ಸ್ಟೀರಿಯೊಗೆ 384 ಕೆಬಿಪಿಎಸ್. ಯೂಟ್ಯೂಬ್ ಸೂಚಿಸುವ ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ) 24ರಿಂದ 30 ಫ್ರೇಮ್‌ನ 1080ಪಿಗೆ 8 ಎಂಬಿಪಿಎಸ್, 4ಕೆಗೆ 35ರಿಂದ 45. ನಾನು 1080ಪಿಗೆ 16 ಇಡುತ್ತೇನೆ. ಯಕ್ಷಗಾನದಲ್ಲಿ ವೇಷದ ಕೆಂಪು, ಗಿರಕಿ, ಹಿಂದೆ ಅಲುಗಾಡುವ ತೋರಣ ಇವೆಲ್ಲ ಕಡಿಮೆ ಬಿಟ್‌ರೇಟ್‌ನಲ್ಲಿ ಕಲಸಿಹೋಗುತ್ತವೆ. ಯೂಟ್ಯೂಬ್ ಹೇಗೂ ಮತ್ತೊಮ್ಮೆ ಒತ್ತುತ್ತದೆ, ನಾವು ಕೊಡುವುದಾದರೂ ಚೆನ್ನಾಗಿರಲಿ. ಫ್ರೇಮ್ ರೇಟ್ ಟೈಮ್‌ಲೈನ್‌ನಲ್ಲಿ ಇದ್ದ 25 ಅನ್ನೇ ಇಡಿ.

ಧ್ವನಿಯ ಮಟ್ಟವೂ ಮುಖ್ಯ. ಯೂಟ್ಯೂಬ್ ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಒಟ್ಟಾರೆ ಜೋರಿನ ಅಳತೆ) ಜೋರಾದದ್ದನ್ನು ತಾನೇ ಇಳಿಸುತ್ತದೆ. ಅದರ ಹತ್ತಿರ ಮಿಕ್ಸ್ ಇರಲಿ, ಚೆಂಡೆಯ ಪೆಟ್ಟು ಮೈನಸ್ 1 ಡೆಸಿಬಲ್ ದಾಟದಿರಲಿ.

ಮ್ಯಾಕ್ ಬಳಸುವವರು ಒಂದು ಪ್ರಶ್ನೆ ಕೇಳುತ್ತಲೇ ಇರುತ್ತಾರೆ: ರಿಸಾಲ್ವ್‌ನಲ್ಲಿ ಗಾಢವಾಗಿ ಕಂಡ ಬಣ್ಣ ಕ್ವಿಕ್‌ಟೈಮ್‌ನಲ್ಲಿ ಯಾಕೆ ಪೇಲವ? ಬಣ್ಣ ಬದಲಾಗಿಲ್ಲ, ಫೈಲಿನಲ್ಲಿರುವ ಗಾಮಾ (ಕಪ್ಪು-ಬಿಳುಪಿನ ನಡುವಿನ ಹೊಳಪಿನ ಲೆಕ್ಕ) ಗುರುತನ್ನು ಎರಡೂ ಬೇರೆ ಬೇರೆ ರೀತಿ ಓದುತ್ತಿವೆ. ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್ಡ್ ಸೆಟ್ಟಿಂಗ್‌ನಲ್ಲಿ ಗಾಮಾ ಟ್ಯಾಗನ್ನು ‘ರೆಕ್.709-ಎ’ ಮಾಡಿದರೆ ಎರಡೂ ಕಡೆ ಹತ್ತಿರ ಹತ್ತಿರ ಕಾಣುತ್ತದೆ. ಪೇಲವ ಕಂಡಿತೆಂದು ಗ್ರೇಡಿಂಗ್‌ಗೆ (ಬಣ್ಣ ಸರಿಪಡಿಸುವ ಕೆಲಸಕ್ಕೆ) ಹೋಗಿ ಇನ್ನಷ್ಟು ಕಪ್ಪು ಮಾಡಬೇಡಿ. ಟಿವಿಯಲ್ಲಿ ನೋಡಿದಾಗ ಮುಖವೇ ಕಾಣದಾಗುತ್ತದೆ.

ಅಪ್‌ಲೋಡ್ ಮಾಡುವ ಮೊದಲು

ಎಕ್ಸ್‌ಪೋರ್ಟ್ ಆದ ಫೈಲನ್ನು ಎಡಿಟಿಂಗ್ ಪ್ರೋಗ್ರಾಂನಲ್ಲಿ ನೋಡಬೇಡಿ. ಫೋನ್‌ಗೆ ಹಾಕಿ, ಇಯರ್‌ಫೋನ್ ಸಿಕ್ಕಿಸಿ, ಮೊದಲಿನಿಂದ ಕೊನೆಯವರೆಗೆ ಕೂತು ನೋಡಿ. ಕಪ್ಪು ಫ್ರೇಮ್ ಎಲ್ಲಾದರೂ ಮಿಂಚಿ ಹೋಯಿತೇ, ಟೈಟಲ್‌ನ ಒತ್ತು ಸರಿಯಿದೆಯೇ, ಒಂದೇ ಕಿವಿಯಲ್ಲಿ ಸದ್ದು ಬರುತ್ತಿದೆಯೇ, ಇವೆಲ್ಲ ಹೀಗೆ ನೋಡಿದಾಗಲೇ ಸಿಗುತ್ತವೆ. ತಪ್ಪು ಕಂಡರೆ ಸಮಯ ಬರೆದುಕೊಳ್ಳಿ, ಅಲ್ಲೇ ನಿಲ್ಲಿಸಬೇಡಿ, ಎಲ್ಲವನ್ನೂ ಒಟ್ಟಿಗೆ ಸರಿಮಾಡಬಹುದು.

ನಾನು ಕೊನೆಯ ಐದು ನಿಮಿಷವನ್ನು ಎರಡು ಸಲ ನೋಡುತ್ತೇನೆ. ಮಂಗಳ ಹಾಡುವ ಹೊತ್ತಿನ ಚೆಂಡೆಯನ್ನು ಹುಡುಕಿ, ಒಂದೊಂದೇ ಫ್ರೇಮ್ ಸರಿಸಿ, ಕೋಲು ಚರ್ಮಕ್ಕೆ ತಾಗುವ ಫ್ರೇಮ್‌ನಲ್ಲೇ ಸದ್ದಿನ ಗೆರೆ ಮೇಲೇಳುತ್ತದೆಯೇ ಅಂತ ನೋಡಿ, ಆಮೇಲೆ ಅಪ್‌ಲೋಡ್ ಒತ್ತುತ್ತೇನೆ.